ಅಪ್‌ಡೇಟ್ ಬಂದ್ರೆ ಗೇಮ್ ಸರಿಹೋಗುತ್ತಾ? ಫೌ-ಜಿಯಿಂದ ಸೈಬರ್‌ಪಂಕ್‌ವರೆಗೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಗೇಮ್ ಆಡೋರ ನಡುವೆ ಓಡಾಡುವ ಒಂದು ಮಾತಿದೆ: "ಇರು ಗುರು, ಅಪ್‌ಡೇಟ್ ಬರುತ್ತೆ, ಆಮೇಲೆ ನೋಡು." ಹೊಸ ಗೇಮ್ ಹ್ಯಾಂಗ್ ಆದಾಗ, ಟ್ರೇಲರ್‌ನಲ್ಲಿ ಕಂಡದ್ದು ಗೇಮ್ ಒಳಗೆ ಎಲ್ಲೂ ಸಿಗದಿದ್ದಾಗ, ಗುಂಪಿನಲ್ಲಿ ಯಾರಾದರೊಬ್ಬ ಈ ಮಾತು ಹೇಳೇ ಹೇಳ್ತಾನೆ. ಈ ಸಂಚಿಕೆ ಮಾಡೋಕೆ ಕಾರಣವಾದ ಪ್ರಶ್ನೆಯೂ ಅದೇ. ತೂಬಗೆರೆ ಕಡೆಯ ಕೇಳುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ: "ಅಣ್ಣ, ಕೆಟ್ಟದಾಗಿ ಬಂದ ಗೇಮು ಅಪ್‌ಡೇಟ್‌ನಿಂದ ನಿಜವಾಗ್ಲೂ ಸರಿಹೋಗಿರೋದು ಇದೆಯಾ? ಇಲ್ಲಾ ನಮ್ಮನ್ನ ಸುಮ್ನೆ ಕಾಯ್ಸೋಕೆ ಹಾಗಂತಾರಾ?" ಪಿಯುಸಿ ಓದೋ ಹುಡುಗ. ಫೋನಿನಲ್ಲಿ ಜಾಗ ಕಮ್ಮಿ, ಒಂದು ಗೇಮ್ ಹಾಕಬೇಕಾದರೆ ಇನ್ನೊಂದನ್ನ ತೆಗೀಬೇಕು. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲೇ ಕ್ಲಾಸಿನ ವಿಡಿಯೋನೂ ಆಗಬೇಕು, ಅಪ್‌ಡೇಟೂ ಆಗಬೇಕು. ಅವನ ಮಟ್ಟಿಗೆ ಇದು ಹರಟೆಯ ಪ್ರಶ್ನೆ ಅಲ್ಲ.

ನಾನು ಇದನ್ನ ರೆಕಾರ್ಡ್ ಮಾಡ್ತಿರೋದು ಘಾಟಿ ಸುಬ್ರಹ್ಮಣ್ಯದಲ್ಲಿ, ನಮ್ಮ ಅಜ್ಜಿ ಮನೆಯಲ್ಲಿ. ಮಧ್ಯೆ ಗಲಾಟೆ ಕೇಳಿಸಿದರೆ ಗಾಬರಿಯಾಗಬೇಡಿ, ಕೋತಿಗಳು. ದೇವಸ್ಥಾನಕ್ಕೆ ಬಂದವರ ಕೈಯಲ್ಲಿರೋ ಬಾಳೆಹಣ್ಣಿಗೆ ಅವುಗಳದ್ದೇ ಒಂದು ಬ್ಯಾಟಲ್ ರಾಯಲ್ ನಡೀತಿರುತ್ತೆ.

ಹುಡುಗನ ಪ್ರಶ್ನೆಗೆ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡ್ತೀನಿ. ಸರಿಹೋಗಿರೋದು ಇದೆ. ಆದರೆ ಗೇಮ್ ಸರಿಹೋಗೋದು ಒಂದು ಕೆಲಸ, ಬಿಟ್ಟುಹೋದ ಆಟಗಾರ ವಾಪಸ್ ಬರೋದು ಇನ್ನೊಂದು, ಮೊದಲ ದಿನವೇ ದುಡ್ಡು ಕೊಟ್ಟು ಕೂತವನಿಗೆ ಕೊಟ್ಟದ್ದಕ್ಕೆ ತಕ್ಕದ್ದು ಸಿಗೋದು ಮತ್ತೊಂದು. ಕಂಪನಿಗಳು ಮೊದಲನೆಯದನ್ನ ಮಾಡಿ ಮೂರೂ ಮಾಡಿದ ಹಾಗೆ ಮಾತಾಡ್ತವೆ. ಗೊಂದಲ ಶುರುವಾಗೋದೇ ಅಲ್ಲಿ.

ದೂರ ಹೋಗೋದು ಬೇಡ, ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. 2020ರ ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನ ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಲಾಕ್‌ಡೌನ್ ಕಾಲ, ಕಾಲೇಜಿಲ್ಲ, ಪಬ್‌ಜಿಯೂ ಹೋಯ್ತು. ಎರಡೇ ದಿನ ಕಳೆದು ಸೆಪ್ಟೆಂಬರ್ 4ಕ್ಕೆ ನಟ ಅಕ್ಷಯ್ ಕುಮಾರ್ ಒಂದು ಪೋಸ್ಟರ್ ಹಾಕಿದರು: ಫೌ-ಜಿ, ಅಂದ್ರೆ 'ಫಿಯರ್‌ಲೆಸ್ ಆ್ಯಂಡ್ ಯುನೈಟೆಡ್ ಗಾರ್ಡ್ಸ್'. ತಯಾರಿಸ್ತಿದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದಲ್ಲಿ ಶೇ 20ರಷ್ಟು 'ಭಾರತ್ ಕೆ ವೀರ್' ಟ್ರಸ್ಟ್‌ಗೆ ಅಂತಲೂ ಹೇಳಿದರು.

ಕಂಪನಿಯ ವಿಶಾಲ್ ಗೊಂಡಲ್ ಇದು ಪಬ್‌ಜಿಗೆ ಬದಲಿಯಾಗಿ ಮಾಡಿದ್ದಲ್ಲ, ನಿಷೇಧಕ್ಕೆ ಮೊದಲೇ ಕೆಲಸ ಶುರುವಾಗಿತ್ತು ಅಂತ ಹೇಳಿದ್ದರು. ಅದನ್ನ ಯಾರು ಕೇಳಿಸಿಕೊಂಡರು? ಹೆಸರಿನ ಕೊನೆಯಲ್ಲಿ 'ಜಿ' ಇದೆ, ಪೋಸ್ಟರ್‌ನಲ್ಲಿ ಬಂದೂಕು ಇದೆ, ಪಬ್‌ಜಿ ಹೋಗಿ ಎರಡು ದಿನ ಆಗಿದೆ. ಜನ ತಮಗೆ ಬೇಕಾದ ಗೇಮನ್ನ ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡರು. ಅಕ್ಟೋಬರ್ ಅಂದಿದ್ದು ನವೆಂಬರ್ ಆಯ್ತು. ನವೆಂಬರ್ 30ಕ್ಕೆ ಪ್ಲೇ ಸ್ಟೋರ್‌ನಲ್ಲಿ ಪ್ರೀ-ರಿಜಿಸ್ಟ್ರೇಷನ್ ತೆರೆದಾಗ ಒಂದೇ ದಿನದಲ್ಲಿ 10 ಲಕ್ಷ ದಾಟಿತು. ಗೇಮ್ ಬಂದದ್ದು 2021ರ ಜನವರಿ 26ಕ್ಕೆ, ಗಣರಾಜ್ಯೋತ್ಸವದ ದಿನ. ಡೌನ್‌ಲೋಡ್ ನೋಡನೋಡ್ತಾ 50 ಲಕ್ಷ ತಲುಪಿತು.

ಒಳಗೆ ಏನಿತ್ತು? ಗಲ್ವಾನ್ ಕಣಿವೆಯ ಕಥೆ, ಒಬ್ಬರೇ ಆಡುವ ಕ್ಯಾಂಪೇನ್. ಬಂದೂಕಿಲ್ಲ, ಕೈಯಲ್ಲಿ ಮತ್ತು ಸಿಕ್ಕಿದ ಆಯುಧದಲ್ಲಿ ಹೊಡೆದಾಟ. ಗೆಳೆಯರ ಜೊತೆ ಆಡುವ ಮೋಡ್‌ಗಳು ಮೆನುವಿನಲ್ಲಿ ಕಾಣ್ತಿದ್ದವು, ಮೇಲೆ 'ಶೀಘ್ರದಲ್ಲೇ' ಅನ್ನೋ ಬೋರ್ಡು. ನಾಲ್ಕು ಜನ ಗೆಳೆಯರು ಸ್ಕ್ವಾಡ್ ಕಟ್ಟಿ ಮಾತಾಡ್ತಾ ಆಡೋಣ ಅಂತ ಕಾದಿದ್ದವರಿಗೆ ಒಬ್ಬೊಬ್ಬರೇ ಕೂತು ಮುಗಿಸೋ ಗೇಮ್ ಸಿಕ್ಕಿತು. ಪ್ಲೇ ಸ್ಟೋರ್ ರೇಟಿಂಗ್ ಕೆಲವೇ ದಿನಗಳಲ್ಲಿ 3ರ ಆಸುಪಾಸಿಗೆ ಇಳಿಯಿತು. ನನಗನ್ನಿಸೋದು, ಅದನ್ನೇ ಸಣ್ಣ ಹೊಡೆದಾಟದ ಗೇಮ್ ಅಂತ ಸದ್ದಿಲ್ಲದೆ ಬಿಟ್ಟಿದ್ದರೆ ಇಷ್ಟು ಬೈಗುಳ ತಿಂತಾ ಇರಲಿಲ್ಲ. ಆದರೆ 10 ಲಕ್ಷ ಪ್ರೀ-ರಿಜಿಸ್ಟ್ರೇಷನ್ ಕೂಡ ಬರ್ತಾ ಇರಲಿಲ್ಲ. ಪ್ರಚಾರ ಅನ್ನೋದು ಸಾಲದ ಹಾಗೆ, ಬಡ್ಡಿ ಸಮೇತ ವಸೂಲಿಗೆ ಬರುತ್ತೆ.

ಈಗ ನಮ್ಮ ವಿಷಯಕ್ಕೆ ಮುಖ್ಯವಾದ ದಿನಾಂಕ. ಫೌ-ಜಿಗೆ ಜನ ಕೇಳಿದ್ದ ಟೀಮ್ ಡೆತ್‌ಮ್ಯಾಚ್ ಮೋಡ್ ಬಂದೇ ಬಂತು, ಬೀಟಾ ರೂಪದಲ್ಲಿ, ಸೀಮಿತ ಜನಕ್ಕೆ. ಯಾವಾಗ? 2021ರ ಜೂನ್ 21ಕ್ಕೆ. ಅದಕ್ಕೆ ನಾಲ್ಕೇ ದಿನ ಮೊದಲು, ಜೂನ್ 17ಕ್ಕೆ, ಕ್ರಾಫ್ಟನ್ ಕಂಪನಿಯ ಬಿಜಿಎಂಐ ಅರ್ಲಿ ಆ್ಯಕ್ಸೆಸ್‌ಗೆ ತೆರೆದುಕೊಂಡಿತ್ತು. ಅಂದ್ರೆ ಪಬ್‌ಜಿಯೇ ಬೇರೆ ಹೆಸರಲ್ಲಿ ವಾಪಸ್. ಜುಲೈ 2ಕ್ಕೆ ಅದು ಅಧಿಕೃತವಾಗಿ ಬಿಡುಗಡೆ ಆಯ್ತು. ಅಪ್‌ಡೇಟ್ ಬಂದಾಗ ಅದಕ್ಕಾಗಿ ಕಾಯ್ತಿದ್ದವರು ಬೇರೆ ಮನೆಗೆ ಹೋಗಿಯಾಗಿತ್ತು. ಬೀಟಾ ಚೆನ್ನಾಗಿತ್ತಾ ಇಲ್ವಾ ಅನ್ನೋ ಪ್ರಶ್ನೆಯೇ ಹೆಚ್ಚು ಜನಕ್ಕೆ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಮೊಬೈಲ್ ಮಲ್ಟಿಪ್ಲೇಯರ್ ಗೇಮ್ ಯಾಕೆ ಎರಡನೇ ಅವಕಾಶ ಪಡೆಯೋದು ಇಷ್ಟು ಕಷ್ಟ ಅನ್ನೋದು ಈ ಜಾಗದಲ್ಲಿದೆ. ಐದು ಜನರ ವಿರುದ್ಧ ಐದು ಜನ ಆಡುವ ಮೋಡ್ ಅಂದ್ಕೊಳ್ಳಿ. ಒಂದು ಮ್ಯಾಚ್ ಶುರುವಾಗೋಕೆ ಅದೇ ನಿಮಿಷಕ್ಕೆ 10 ಜನ ಬೇಕು. ಬರೀ 10 ಜನ ಸಾಲದು. ಹತ್ತಿರದ ಸರ್ವರ್‌ನವರು ಇರಬೇಕು, ಇಲ್ಲಾಂದ್ರೆ ಪಿಂಗ್ ಜಾಸ್ತಿ, ನೀವು ಗುಂಡು ಹಾರಿಸೋ ಹೊತ್ತಿಗೆ ಎದುರಿನವನು ಮನೆ ಸೇರಿರ್ತಾನೆ. ಆಟದ ಮಟ್ಟವೂ ಹೆಚ್ಚೂಕಮ್ಮಿ ಹೊಂದಬೇಕು, ಇಲ್ಲಾಂದ್ರೆ ಹೊಸಬನನ್ನ ಹಳಬರು ಒರೆಸಿ ಹಾಕ್ತಾರೆ. ಇದನ್ನೆಲ್ಲ ಜೋಡಿಸೋದಕ್ಕೇ ಮ್ಯಾಚ್‌ಮೇಕಿಂಗ್ ಅನ್ನೋದು.

ನೀವು ದೊಡ್ಡಬಳ್ಳಾಪುರದಲ್ಲಿ ಶೇರ್ ಆಟೋ ಹತ್ತಿದ್ದೀರಾ? ಸೀಟು ತುಂಬೋವರೆಗೆ ಹೊರಡಲ್ಲ. ಮೂವರು ಕೂತಿದ್ದಾರೆ, ಇನ್ನೂ ಜನ ಬರಬೇಕು. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು. ಒಬ್ಬ ಇಳಿದು ಬಸ್ಸಿಗೆ ಹೋಗ್ತಾನೆ. ಈಗ ಇಬ್ಬರೇ. ಅವರನ್ನ ನೋಡಿ ಹೊಸಬನೂ ಹತ್ತಲ್ಲ. ಆಟೋದ ಎಂಜಿನ್ ಹೊಸದು ಹಾಕಿಸಿದ್ದಾರೆ, ಸೀಟಿಗೆ ಹೊಸ ಕವರ್ ಇದೆ, ಏನು ಪ್ರಯೋಜನ? ಮಲ್ಟಿಪ್ಲೇಯರ್ ಗೇಮ್ ಸೊರಗೋದು ಹೀಗೇ. ಜನ ಕಮ್ಮಿಯಾದರೆ ಕಾಯೋ ಹೊತ್ತು ಜಾಸ್ತಿ, ಕಾಯೋ ಹೊತ್ತು ಜಾಸ್ತಿಯಾದರೆ ಜನ ಇನ್ನೂ ಕಮ್ಮಿ. ಕಂಪನಿಗಳು ಖಾಲಿ ಸೀಟಿಗೆ ಬಾಟ್‌ಗಳನ್ನ ಕೂರಿಸಿ ನೋಡ್ತವೆ. ನಾಲ್ಕು ಮ್ಯಾಚ್ ಆಡಿದವನಿಗೆ ಎದುರಿಗಿರೋದು ಮನುಷ್ಯ ಅಲ್ಲ ಅಂತ ಗೊತ್ತಾಗಿಬಿಡುತ್ತೆ.

ಹಾಗಾದ್ರೆ ಸರಿಹೋದ ಗೇಮ್‌ಗಳು ಹೇಗೆ ಸರಿಹೋದವು? ಎಲ್ಲರೂ ಹೇಳೋ ಹೆಸರು 'ನೋ ಮ್ಯಾನ್ಸ್ ಸ್ಕೈ'. ಇಂಗ್ಲೆಂಡಿನ ಹಲೋ ಗೇಮ್ಸ್ ಅನ್ನೋ ಪುಟ್ಟ ತಂಡದ್ದು, 2016ರ ಆಗಸ್ಟ್‌ನಲ್ಲಿ ಬಂತು. ಎಣಿಸೋಕಾಗದಷ್ಟು ಗ್ರಹಗಳು, ಎಲ್ಲಿಗೆ ಬೇಕಾದರೂ ಹಾರಬಹುದು. ತಂಡದ ಮುಖ್ಯಸ್ಥ ಷಾನ್ ಮರ್ರೆ ಸಂದರ್ಶನಗಳಲ್ಲಿ ಹೇಳಿದ್ದನ್ನೆಲ್ಲ ಕೇಳಿದವರು ಬೇರೆ ಆಟಗಾರರನ್ನ ಅಲ್ಲಿ ಭೇಟಿಯಾಗಬಹುದು ಅಂತಲೂ ನಂಬಿದ್ದರು. ಬಿಡುಗಡೆಯಾದ ಕೂಡಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ! ದುಡ್ಡು ವಾಪಸ್ ಕೊಡಿ ಅನ್ನೋ ಕೂಗೆದ್ದಿತು, ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರಕ್ಕೂ ದೂರು ಹೋಯಿತು. ಅಲ್ಲಿ ಕಂಪನಿಗೆ ತೊಂದರೆ ಆಗಲಿಲ್ಲ, ಆದರೆ ಹೆಸರು ಕೆಟ್ಟಾಗಿತ್ತು.

ಆಮೇಲೆ ಆ ತಂಡ ಮಾಡಿದ್ದು ನನಗೆ ಬಹಳ ಇಷ್ಟ. ಬಾಯಿ ಮುಚ್ಚಿಕೊಂಡರು. ಸಂದರ್ಶನ ಇಲ್ಲ, ಹೊಸ ಭರವಸೆ ಇಲ್ಲ. 2016ರ ನವೆಂಬರ್‌ನಲ್ಲಿ 'ಫೌಂಡೇಷನ್' ಅಪ್‌ಡೇಟ್ ಬಂತು, ಗ್ರಹದ ಮೇಲೆ ಮನೆ ಕಟ್ಟಿಕೊಳ್ಳಬಹುದಾಯ್ತು. 2018ರ ಜುಲೈನಲ್ಲಿ 'ನೆಕ್ಸ್ಟ್', ಆಗ ಆಟಗಾರರು ನಿಜಕ್ಕೂ ಒಬ್ಬರಿಗೊಬ್ಬರು ಕಂಡರು. 2019ರಲ್ಲಿ 'ಬಿಯಾಂಡ್'. ಇವತ್ತಿನವರೆಗೂ ಬರ್ತಾನೇ ಇವೆ, ಎಲ್ಲವೂ ಉಚಿತ. ಅಷ್ಟಾದರೂ ಸ್ಟೀಮ್‌ನಲ್ಲಿ ಒಟ್ಟು ವಿಮರ್ಶೆಗಳ ಫಲಿತಾಂಶ 'ವೆರಿ ಪಾಸಿಟಿವ್' ಅನ್ನೋ ಮಟ್ಟ ಮುಟ್ಟಿದ್ದು 2024ರ ನವೆಂಬರ್‌ನಲ್ಲಿ. ಎಂಟು ವರ್ಷ! ಮೊದಲ ವಾರದಲ್ಲಿ ಬರೆದ ಬೈಗುಳಗಳು ಎಲ್ಲೂ ಹೋಗಿರಲ್ಲ, ಅವುಗಳ ಮೇಲೆ ಹೊಸ ಮೆಚ್ಚುಗೆ ಪೇರಿಸುತ್ತಾ ಹೋಗಬೇಕು.

ಎಂಟು ವರ್ಷ ಆ ತಂಡ ಉಸಿರು ಹಿಡಿದದ್ದು ಹೇಗೆ? ಎರಡು ಕಾರಣ ನನಗೆ ಕಾಣುತ್ತೆ. ಒಂದು, ಅದು ಫ್ರೀ ಗೇಮ್ ಅಲ್ಲ, 60 ಡಾಲರ್ ಬೆಲೆಯದು. ಬೈದವರಲ್ಲೂ ಬಹುಪಾಲು ಜನ ದುಡ್ಡು ಕೊಟ್ಟಾಗಿತ್ತು, ತಂಡ ಚಿಕ್ಕದು, ಹಾಗಾಗಿ ಗಂಟು ಕರಗಲಿಲ್ಲ. ಇನ್ನೊಂದು, ಅದನ್ನ ಒಬ್ಬರೇ ಕೂತು ಆಡಬಹುದು. ಶೇರ್ ಆಟೋ ಲೆಕ್ಕ ಅಲ್ಲಿ ಇಲ್ಲ. ಮೂರು ವರ್ಷ ಬಿಟ್ಟು ಬಂದವನಿಗೂ ಗೇಮ್ ಹಾಗೇ ಕಾದಿರುತ್ತೆ. ಫ್ರೀ ಮೊಬೈಲ್ ಗೇಮ್‌ಗೆ ಈ ಎರಡೂ ಇಲ್ಲ. ದಿನಾ ಆಡೋ ಜನರಲ್ಲಿ ಒಂದಷ್ಟು ಮಂದಿ ಸ್ಕಿನ್ನು, ಪಾಸು ಅಂತ ಕೊಂಡರೆ ಮಾತ್ರ ಸರ್ವರ್ ಬಾಡಿಗೆ, ಸಂಬಳ. ಜನ ಹೋದರೆ ಆದಾಯ ಹೋಯ್ತು, ಆದಾಯ ಹೋದರೆ ಅಪ್‌ಡೇಟ್ ಮಾಡೋರೇ ಇರಲ್ಲ.

ಸೈಬರ್‌ಪಂಕ್ 2077ದು ಇನ್ನೂ ದೊಡ್ಡ ಕಥೆ, ನನಗೆ ಅದರಲ್ಲಿ ಬೇಕಾದ್ದು ಒಂದು ಭಾಗ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಅದನ್ನ 2020ರ ಡಿಸೆಂಬರ್ 10ಕ್ಕೆ ಬಿಟ್ಟಿತು. ಮುಂಗಡವೇ 80 ಲಕ್ಷ, ಹತ್ತು ದಿನದಲ್ಲಿ 1.3 ಕೋಟಿ ಪ್ರತಿ. ಹಳೇ ಕನ್ಸೋಲ್‌ಗಳಲ್ಲಿ, ಅಂದ್ರೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ, ಅದು ಓಡ್ತಿರಲಿಲ್ಲ, ತೆವಳ್ತಿತ್ತು. ವಾರದಲ್ಲೇ ಸೋನಿ ತನ್ನ ಅಂಗಡಿಯಿಂದ ಗೇಮನ್ನ ತೆಗೆದು, ಕೊಂಡವರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂತು. ಆರು ತಿಂಗಳಾದ ಮೇಲೆ, 2021ರ ಜೂನ್‌ನಲ್ಲಿ, ವಾಪಸ್ ಇಟ್ಟರು. ಪ್ಯಾಚ್ ಮೇಲೆ ಪ್ಯಾಚ್ ಬಂದವು. ಜನ ದೊಡ್ಡ ಸಂಖ್ಯೆಯಲ್ಲಿ ವಾಪಸ್ ತಿರುಗಿ ನೋಡಿದ್ದು ಮಾತ್ರ 2022ರ ಸೆಪ್ಟೆಂಬರ್‌ನಲ್ಲಿ, ನೆಟ್‌ಫ್ಲಿಕ್ಸ್‌ನಲ್ಲಿ 'ಎಡ್ಜ್‌ರನ್ನರ್ಸ್' ಅನಿಮೆ ಬಂದಾಗ. ಪ್ಯಾಚ್ ಗೇಮನ್ನ ರಿಪೇರಿ ಮಾಡುತ್ತೆ, ವಾಪಸ್ ಬರೋಕೆ ಜನಕ್ಕೆ ಬೇರೆಯೇ ಒಂದು ನೆಪ ಬೇಕು.

2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು. ಕೌಶಲಗಳ ವ್ಯವಸ್ಥೆ, ಪೊಲೀಸರ ನಡವಳಿಕೆ ಎಲ್ಲ ಹೊಸದಾಗಿ ಬರೆದಿದ್ದರು. ಜಗತ್ತೆಲ್ಲ ಹೊಗಳಿತು, ನಾನೂ ಹೊಗಳ್ತೀನಿ. ಆದರೆ ಆ 2.0 ಪ್ಲೇಸ್ಟೇಷನ್ 4ಕ್ಕೂ ಇಲ್ಲ, ಎಕ್ಸ್‌ಬಾಕ್ಸ್ ಒನ್‌ಗೂ ಇಲ್ಲ. ಸ್ವಲ್ಪ ಯೋಚನೆ ಮಾಡಿ. ಮೊದಲ ದಿನ ಅತಿ ಹೆಚ್ಚು ಪಾಡುಪಟ್ಟವರು ಯಾರು? ಹಳೇ ಕನ್ಸೋಲ್‌ನವರು. ದುಡ್ಡು ವಾಪಸ್ ತಗೊಳ್ಳದೆ, ಸರಿಹೋಗುತ್ತೆ ಅಂತ ನಂಬಿ ಕಾದವರು ಮೂರು ವರ್ಷ ಆದಮೇಲೆ ನೋಡಿದರೆ, ಸರಿಹೋದ ಗೇಮ್ ಆಡಬೇಕು ಅಂದ್ರೆ ಹೊಸ ಮೆಷಿನ್ ಕೊಳ್ಳಬೇಕು. ಗೇಮ್ ಗೆದ್ದಿತು. ಅವರ ಪಾಲಿಗೆ ಗೆದ್ದಿತಾ?

ನಮ್ಮ ಫೋನ್‌ಗಳ ಕಥೆಯೂ ಇದೇ ದಾರಿ. ಅಪ್‌ಡೇಟ್ ಬಂದ ಹಾಗೆಲ್ಲ ಗೇಮ್ ದಪ್ಪ ಆಗುತ್ತೆ, ಹೆಚ್ಚು ರ್‍ಯಾಮ್ ಕೇಳುತ್ತೆ. ಮೂರು ವರ್ಷದ ಹಿಂದಿನ ಫೋನಿಗೆ ಅದು ಭಾರ. ಅಪ್‌ಡೇಟ್ ಅನ್ನೋದು ಎಲ್ಲರಿಗೂ ಸಮನಾಗಿ ಬಡಿಸೋ ಊಟ ಅಲ್ಲ.

ಮಾತು ಬಂತು ಅಂತ ಹೇಳ್ತೀನಿ. ನಮ್ಮ ಘಾಟಿಯಲ್ಲಿ ದನದ ಜಾತ್ರೆ ಆಗುತ್ತಲ್ಲ, ಡಿಸೆಂಬರ್-ಜನವರಿ ಹೊತ್ತಿಗೆ, ಅಲ್ಲಿಯೂ ಪ್ರಚಾರಕ್ಕೆ ಏನೂ ಕಮ್ಮಿ ಇಲ್ಲ. ಹಳ್ಳಿಕಾರ್ ಎತ್ತುಗಳಿಗೆ ಶಾಮಿಯಾನ, ಹೂವಿನ ಅಲಂಕಾರ, ತಮಟೆ ವಾದ್ಯದ ಮೆರವಣಿಗೆ. ಟ್ರೇಲರ್ ಅಂದ್ರೆ ಅದು! ಆದರೆ ಕೊಳ್ಳೋಕೆ ಬಂದ ರೈತ ಮೊದಲು ಮಾಡೋದು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡೋದು. ಹಾಲಲ್ಲಾ, ಎರಡು ಹಲ್ಲಾ, ಬಾಯಿಗೂಡಿದೆಯಾ. ಆಮೇಲೆ ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಅಷ್ಟಾದ ಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. "ಈಗ ಕುಂಟುತ್ತೆ ಗೌಡ್ರೇ, ಮುಂದಿನ ವರ್ಷ ಸರಿಹೋಗುತ್ತೆ, ಇವತ್ತೇ ಪೂರ್ತಿ ದುಡ್ಡು ಕೊಡಿ" ಅಂದ್ರೆ ಕೊಡ್ತಾರಾ? ನಗ್ತಾರೆ. ಗೇಮ್ ಅಂಗಡಿ ನಮ್ಮಿಂದ ದಿನಾ ಕೇಳ್ತಿರೋದು ಅದನ್ನೇ. ಮೊದಲೆಲ್ಲ ಗೇಮ್ ಕ್ಯಾಸೆಟ್‌ನಲ್ಲಿ ಬರ್ತಿದ್ದಾಗ ಕಂಪನಿಗೂ ಆ ಭಯ ಇತ್ತು, ಅಂಗಡಿಗೆ ಹೋದ ಮೇಲೆ ತಿದ್ದೋಕೆ ಆಗ್ತಿರಲಿಲ್ಲ. 1982ರಲ್ಲಿ ಬಂದ ಅಟಾರಿ ಕಂಪನಿಯ 'ಇ.ಟಿ.' ಗೇಮ್ ಸೋತಾಗ ಮಿಕ್ಕ ಕ್ಯಾಸೆಟ್‌ಗಳನ್ನ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಗುಂಡಿ ತೋಡಿ ಹೂತರು. 2014ರಲ್ಲಿ ಅಗೆದು ನೋಡಿದರೆ ಅಲ್ಲೇ ಇದ್ದವು. ಈಗ ಹೂಳೋ ಅವಶ್ಯಕತೆ ಇಲ್ಲ, ಅರ್ಧ ಬೆಂದದ್ದನ್ನ ಬಿಡೋ ಧೈರ್ಯವೂ ಅದರಿಂದಲೇ ಬಂದಿದೆ.

ಹಾಗಂತ ಅಪ್‌ಡೇಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜಪಾನಿನ ಸ್ಕ್ವೇರ್ ಎನಿಕ್ಸ್ 2010ರಲ್ಲಿ ಬಿಟ್ಟ 'ಫೈನಲ್ ಫ್ಯಾಂಟಸಿ 14' ಎಷ್ಟು ಕೆಟ್ಟದಾಗಿತ್ತು ಅಂದ್ರೆ ಕಂಪನಿ ಕ್ಷಮೆ ಕೇಳಿ ಮಾಸಿಕ ಶುಲ್ಕ ನಿಲ್ಲಿಸಿತು. ನವೋಕಿ ಯೋಷಿದಾ ಅನ್ನೋರನ್ನ ಹೊಸದಾಗಿ ನೇಮಿಸಿತು. ತೇಪೆ ಹಾಕಿ ಸಾಗಲ್ಲ ಅಂತ ಗೊತ್ತಾಗಿ, 2012ರ ನವೆಂಬರ್‌ನಲ್ಲಿ ಗೇಮ್ ಒಳಗಿನ ಲೋಕದ ಮೇಲೆ ಚಂದ್ರನನ್ನೇ ಬೀಳಿಸಿ ಆ ಲೋಕವನ್ನ ಮುಗಿಸಿದರು. 2013ರ ಆಗಸ್ಟ್‌ನಲ್ಲಿ ಹೊಸದಾಗಿ ಕಟ್ಟಿ ತಂದರು. ಅದು ಈಗಲೂ ನಡೀತಿದೆ. ಆ ಧೈರ್ಯ, ಆ ದುಡ್ಡು ಎಲ್ಲರಿಗೂ ಇರಲ್ಲ. ಬಯೋವೇರ್‌ನ 'ಆ್ಯಂಥಮ್' ನೆನಪಿದೆಯಾ? 2019ರಲ್ಲಿ ಬಂತು, ಹಾರಾಟ ಅದ್ಭುತ, ಹಾರಿ ಹೋಗಿ ಮಾಡೋಕೆ ಕೆಲಸ ಇಲ್ಲ. ಪೂರ್ತಿ ಹೊಸದು ಮಾಡ್ತೀವಿ ಅಂದವರು 2021ರ ಫೆಬ್ರವರಿಯಲ್ಲಿ ಕೈಬಿಟ್ಟರು. 2026ರ ಜನವರಿ 12ಕ್ಕೆ ಸರ್ವರ್ ನಿಲ್ಲಿಸ್ತೀವಿ ಅಂತ 2025ರಲ್ಲಿ ಹೇಳಿದರು. ಆನ್‌ಲೈನ್ ಇಲ್ಲದೆ ಓಡದ ಗೇಮ್ ಅದು. ಸರ್ವರ್ ನಿಂತರೆ ದುಡ್ಡು ಕೊಟ್ಟು ಕೊಂಡದ್ದು ಕೈಯಲ್ಲಿದ್ದೂ ಇಲ್ಲದ ಹಾಗೆ.

ಇನ್ನು ಫೌ-ಜಿ. ಅದರ ಹೆಸರಿನಲ್ಲಿ ಇನ್ನೊಂದು ಗೇಮ್ ಬಂದದ್ದು ನಿಮ್ಮಲ್ಲಿ ಕೆಲವರು ಆಡಿರಬಹುದು. 'ಫೌ-ಜಿ: ಡಾಮಿನೇಷನ್', ಡಾಟ್9 ಗೇಮ್ಸ್ ತಯಾರಿಸಿ ನಜಾರಾ ಪ್ರಕಟಿಸಿದ್ದು, 2025ರ ಜನವರಿಯಲ್ಲಿ. ಜನ ನಾಲ್ಕು ವರ್ಷದ ಹಿಂದೆ ಕೇಳಿದ್ದ ಗುಂಪಿನ ಗುಂಡಿನ ಕಾಳಗ ಇದರಲ್ಲಿದೆ. ಆದರೆ ಗಮನಿಸಿ, ಇದು ಹಳೇ ಗೇಮ್‌ನ ಅಪ್‌ಡೇಟ್ ಅಲ್ಲ, ಬೇರೆ ಆ್ಯಪ್. ಬೇರೆ ಆ್ಯಪ್ ಅಂದ್ರೆ ಪ್ಲೇ ಸ್ಟೋರ್‌ನಲ್ಲಿ ಬೇರೆ ಪುಟ, ರೇಟಿಂಗ್ ಸೊನ್ನೆಯಿಂದ ಶುರು. ಕೆಟ್ಟ ಹೆಸರು ಹಳೇ ಪುಟದಲ್ಲೇ ಉಳಿಯುತ್ತೆ. ಹಲೋ ಗೇಮ್ಸ್ ಎಂಟು ವರ್ಷ ಹೊತ್ತ ಹೊರೆಯನ್ನ ಇಳಿಸೋಕೆ ಮೊಬೈಲ್‌ನಲ್ಲಿ ಇರೋ ಅಡ್ಡದಾರಿ ಇದು. ತಪ್ಪು ಅಂತಲ್ಲ, ವ್ಯಾಪಾರದಲ್ಲಿ ಇದು ಸಹಜ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ತೂಬಗೆರೆಯ ತಮ್ಮಾ, ನಿನ್ನ ಫೋನಿಗೆ ಏನು ಮಾಡಬಹುದು ಹೇಳ್ತೀನಿ. ಬೈಸಿಕೊಂಡ ಗೇಮ್ ಈಗ ಸರಿಹೋಗಿದೆ ಅಂತ ಯಾರಾದರೂ ಅಂದ್ರೆ ಒಟ್ಟು ಸ್ಟಾರ್ ನೋಡಬೇಡ. ಪ್ಲೇ ಸ್ಟೋರ್ 2019ರಿಂದ ಹೊಸ ರೇಟಿಂಗ್‌ಗೆ ಹೆಚ್ಚು ತೂಕ ಕೊಡುತ್ತೆ, ಆದರೂ ಅದೊಂದು ಸರಾಸರಿ ಅಷ್ಟೇ. ರಿವ್ಯೂಗಳನ್ನ ಹೊಸದು ಮೊದಲು ಬರೋ ಹಾಗೆ ಜೋಡಿಸಿ ಓದು, ನಿನ್ನಂಥದ್ದೇ ಫೋನ್ ಇರೋರು ಏನಂತಾರೆ ನೋಡು. ಕೊನೆಯ ಅಪ್‌ಡೇಟ್ ಯಾವ ತಿಂಗಳು ಬಂದಿದೆ ನೋಡು, ಆರು ತಿಂಗಳು ಕಳೆದಿದ್ದರೆ ಒಳಗೆ ಕೆಲಸ ಮಾಡೋರು ಇದ್ದಾರಾ ಅನ್ನೋದೇ ಅನುಮಾನ. ಮಲ್ಟಿಪ್ಲೇಯರ್ ಆದರೆ ನೀನು ಆಡೋ ಹೊತ್ತಿಗೇ, ರಾತ್ರಿ ಊಟ ಆದಮೇಲೆ, ಒಂದು ಮ್ಯಾಚ್ ಹುಡುಕಿ ನೋಡು. ಎಷ್ಟು ಹೊತ್ತಿಗೆ ಸಿಗುತ್ತೆ ಅನ್ನೋದರಲ್ಲಿ ಅರ್ಧ ಉತ್ತರ ಸಿಗುತ್ತೆ. ಮುಂಗಡ ಪಾಸು, ಫೌಂಡರ್ ಪ್ಯಾಕ್ ಅಂತ ಕೇಳಿದರೆ ಎತ್ತಿನ ಬಾಯಿ ಬಿಡಿಸಿ ಆದಮೇಲೇ ಟವೆಲ್ ತೆಗಿ.

ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಪ್ರಶ್ನೆ ಬಂದಿದೆ, ಫೋನ್ ಬಿಸಿಯಾದಾಗ ಗೇಮ್ ಯಾಕೆ ನಿಧಾನ ಆಗುತ್ತೆ ಅಂತ. ಅದನ್ನ ನೋಡೋಣ. ನಮಸ್ಕಾರ.